ಉಬ್ಬರದ ದಾರಿ ತಡೆಯದ ಅಭಿವೃದ್ಧಿ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ ಸುದ್ದಿ ಬಂದದ್ದು 2024ರ ಜನವರಿ ಕೊನೆಯಲ್ಲಿ. 4,801 ಹೆಕ್ಟೇರ್ ಹರವಿನ ಕೆಸರುದಿಬ್ಬ, ಗಜನಿ ಗದ್ದೆ, ಉಪ್ಪಿನಾಗರ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಅಂದು ಜಗತ್ತಿನ ಮನ್ನಣೆ ಸಿಕ್ಕಿತು. ಅದಕ್ಕೆ ಒಂದೂವರೆ ದಶಕಕ್ಕೂ ಮೊದಲು ಇದೇ ಅಳಿವೆಯ ಬಡಗಣ ದಡದ ತದಡಿಗೆ 4,000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರುವ ಯೋಜನೆ ಸಿದ್ಧವಾಗಿತ್ತು. ಊರವರು ಬೀದಿಗಿಳಿದರು, ವಿಜ್ಞಾನಿಗಳು ಅಂಕಿಅಂಶ ಮುಂದಿಟ್ಟರು, ಯೋಜನೆ ಹಿಂದೆ ಸರಿಯಿತು. ಆಮೇಲೆ ಅದೇ ಜಾಗಕ್ಕೆ ದೊಡ್ಡ ಬಂದರಿನ ಪ್ರಸ್ತಾವ ಬಂತು. ಒಂದೇ ನೆಲವನ್ನು ಒಂದು ಕಡತ ‘ಬಳಕೆಯಾಗದ ಜಾಗ’ ಎಂದು ನೋಡಿದರೆ, ಇನ್ನೊಂದು ಕಡತ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂದು ನೋಡಿತು. ಕರಾವಳಿಯ ಇಂದಿನ ಬಹುತೇಕ ಜಗಳಗಳ ಬೇರು ಈ ಎರಡು ನೋಟಗಳ ನಡುವೆಯೇ ಇದೆ.

ಆ ನೆಲ ಎಂದೂ ಖಾಲಿ ಬಿದ್ದಿರಲಿಲ್ಲ. ರಾಮ್ಸಾರ್ ದಾಖಲೆಯ ಪ್ರಕಾರವೇ ಆರು ಸಾವಿರದಿಂದ ಏಳೂವರೆ ಸಾವಿರ ಕುಟುಂಬಗಳು ಅಘನಾಶಿನಿ ಅಳಿವೆಯನ್ನು ನಂಬಿ ಬದುಕುತ್ತಿವೆ. ಮೀನುಗಾರಿಕೆ, ಗಜನಿ ಬೇಸಾಯ, ಸಿಗಡಿ ಕೃಷಿ, ಸಾಣಿಕಟ್ಟೆಯ ಉಪ್ಪು, ಏಡಿ, ಬಳಚು (ಚಿಪ್ಪುಮೀನು) ಹೀಗೆ ಕಸುಬುಗಳ ಸಾಲು ದೊಡ್ಡದು. ನೀರಿಳಿದಾಗ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ ಬಳಚು ಹೆಕ್ಕುವ ಹೆಂಗಸರಿಗೆ ದೋಣಿ ಬೇಕಿಲ್ಲ, ಬಲೆ ಬೇಕಿಲ್ಲ, ಸಾಲವೂ ಬೇಕಿಲ್ಲ. ಕೈಯಲ್ಲೊಂದು ಬುಟ್ಟಿಯಿದ್ದರೆ ಅಂದಿನ ಸಂಜೆಯ ಖರ್ಚು ಹುಟ್ಟುತ್ತದೆ. ಭೂಮಿಯಿಲ್ಲದವರಿಗೆ ಇಷ್ಟು ಸುಲಭವಾಗಿ ದುಡಿಮೆ ಕೊಡುವ ಜಾಗ ಕರಾವಳಿಯಲ್ಲಿ ಇನ್ನೊಂದಿಲ್ಲ. ಅಳಿವೆಯಲ್ಲಿ 84 ಜಾತಿಯ ಮೀನುಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಹಲವು ಕಡಲಿನವು. ಮರಿಯಾಗಿ ಒಳಬಂದು, ಕಾಂಡ್ಲಾ ಬೇರುಗಳ ಸಂದಿಯಲ್ಲಿ ಬಲಿತು ಮತ್ತೆ ಕಡಲಿಗೆ ಮರಳುವಂಥವು. ಹೊರಗಡಲಿನಲ್ಲಿ ಬಲೆ ಬೀಸುವ ಮೀನುಗಾರನ ಆದಾಯದ ಒಂದು ಪಾಲು ಈ ಕೆಸರಿನಲ್ಲೇ ಹುಟ್ಟಿರುತ್ತದೆ.

ಕಾಂಡ್ಲಾ ಗಿಡ ಬದುಕುವ ರೀತಿ ತಿಳಿದರೆ ಅದು ಯಾಕೆ ಸಾಯುತ್ತದೆ ಎಂಬುದೂ ತಿಳಿಯುತ್ತದೆ. ಉಪ್ಪುನೀರು ಸಾಮಾನ್ಯ ಗಿಡಗಳಿಗೆ ವಿಷ. ರೈಜೋಫೋರಾ ಜಾತಿಯ ಕಾಂಡ್ಲಾ ಉಪ್ಪನ್ನು ಬೇರಿನಲ್ಲೇ ಸೋಸಿ ಹೊರಗಿಡುತ್ತದೆ; ಅವಿಸೀನಿಯಾ ಜಾತಿಯದು ಒಳಗೆ ಬಂದ ಉಪ್ಪನ್ನು ಎಲೆಯ ಮೂಲಕ ಹೊರಹಾಕುತ್ತದೆ. ಕೆಸರಿನೊಳಗೆ ಗಾಳಿಯಾಡುವುದಿಲ್ಲ. ಹಾಗಾಗಿ ಅವಿಸೀನಿಯಾದ ಉಸಿರುಬೇರುಗಳು ಮಣ್ಣು ಸೀಳಿಕೊಂಡು ಸಾವಿರಾರು ಸಂಖ್ಯೆಯಲ್ಲಿ ಮೇಲೆದ್ದು ನಿಲ್ಲುತ್ತವೆ. ರೈಜೋಫೋರಾದ ಬೀಜ ತಾಯಿಮರದಲ್ಲಿದ್ದಾಗಲೇ ಮೊಳೆತು, ಕೋಲಿನಂತೆ ಉದ್ದವಾಗಿ ಬೆಳೆದು, ಕೆಳಗೆ ಬಿದ್ದು ನೀರಿನ ಜೊತೆ ತೇಲಿ ತನಗೆ ಒಗ್ಗುವ ಎತ್ತರದ ಕೆಸರಿನಲ್ಲಿ ನೆಲೆಯೂರುತ್ತದೆ. ಇಷ್ಟಕ್ಕೂ ಬೇಕಾದದ್ದು ದಿನಕ್ಕೆರಡು ಬಾರಿ ಬಂದು ಹೋಗುವ ಉಬ್ಬರ ಮತ್ತು ಘಟ್ಟದಿಂದ ಇಳಿದು ಬರುವ ಸಿಹಿನೀರು. ಇವೆರಡರಲ್ಲಿ ಒಂದನ್ನು ತಡೆದರೂ ಸಾಕು, ಕೊಡಲಿ ತಾಗದ ಕಾಡು ಸಾಯುತ್ತದೆ. ರಸ್ತೆ ಅಗೆದ ಮಣ್ಣು ಅಥವಾ ಕಟ್ಟಡದ ಅವಶೇಷಗಳನ್ನು ಉಸಿರುಬೇರುಗಳ ಮೇಲೆ ಸುರಿದರೆ ಮರ ಅಂದೇ ಒಣಗುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಎಲೆ ಉದುರುತ್ತದೆ. ಅಷ್ಟರಲ್ಲಿ ಲಾರಿ ಯಾರದೆಂಬುದು ಯಾರಿಗೂ ನೆನಪಿರುವುದಿಲ್ಲ. ನಗರದಂಚಿನ ಕಾಂಡ್ಲಾ ಹೀಗೆ ಸದ್ದಿಲ್ಲದೆ ಕರಗುತ್ತದೆ, ಒಣಗಿದ ಜಾಗ ಕ್ರಮೇಣ ನಿವೇಶನವಾಗುತ್ತದೆ.

ಅಂಕಿಸಂಖ್ಯೆಯನ್ನಷ್ಟೇ ನೋಡಿದರೆ ಕರ್ನಾಟಕದ ಸ್ಥಿತಿ ಆತಂಕಕಾರಿಯಾಗಿ ಕಾಣುವುದಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಗಳ ಪ್ರಕಾರ 2019ರಲ್ಲಿ 10 ಚದರ ಕಿಲೋಮೀಟರ್ ಇದ್ದ ರಾಜ್ಯದ ಕಾಂಡ್ಲಾ 2021ಕ್ಕೆ 13 ಚದರ ಕಿಲೋಮೀಟರ್ ಆಯಿತು. ದೇಶದ ಒಟ್ಟು ಹರವು ಆಗ 4,992 ಚದರ ಕಿಲೋಮೀಟರ್. ಸುಂದರಬನದ ಮುಂದೆ ನಮ್ಮದು ಅಂಗೈಯಗಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಪಂಚಗಂಗಾವಳಿ, ಮೂಲ್ಕಿಯ ಶಾಂಭವಿ, ಮಂಗಳೂರಿನ ನೇತ್ರಾವತಿ–ಫಲ್ಗುಣಿಗಳ ಅಂಚಿನಲ್ಲಿ ಅದು ಚೂರುಚೂರಾಗಿ ಹಂಚಿಹೋಗಿದೆ. ಅದರಲ್ಲೂ ಬಹುಪಾಲು ‘ತೆರೆದ ಕಾಡು’ ವರ್ಗಕ್ಕೆ ಸೇರಿದ್ದು; ಅತಿ ದಟ್ಟ ಎನ್ನಬಹುದಾದ ಕಾಂಡ್ಲಾ ವರದಿಯ ಲೆಕ್ಕಕ್ಕೆ ಸಿಗುವುದಿಲ್ಲ. ಇಷ್ಟು ಚಿಕ್ಕ ಆಸ್ತಿಗೆ ರಾಷ್ಟ್ರಮಟ್ಟದ ಶೇಕಡಾವಾರು ಲೆಕ್ಕ ಹೊಂದುವುದಿಲ್ಲ. ಒಂದು ಸೇತುವೆಯ ದಿಬ್ಬ, ಒಂದು ಜೆಟ್ಟಿ, ಒಂದು ರೆಸಾರ್ಟಿನ ಕಾಂಪೌಂಡ್ ಒಂದು ಹಳ್ಳಿಯ ಕಾಂಡ್ಲಾವನ್ನು ಪೂರ್ತಿ ನುಂಗಬಲ್ಲವು.

ಕರಾವಳಿಯ ಹಿರಿಯರಿಗೆ ಕಾಡನ್ನೂ ಬೇಸಾಯವನ್ನೂ ಜೊತೆಗೆ ನಡೆಸುವ ಬಗೆ ಗೊತ್ತಿತ್ತು. ಅದರ ಕುರುಹು ಗಜನಿ ಗದ್ದೆಗಳಲ್ಲಿದೆ. ಅಳಿವೆಯ ಅಂಚಿನಲ್ಲಿ ಮಣ್ಣಿನ ಕಟ್ಟೆ ಹಾಕಿ, ನೀರು ಬಿಡಲು–ತಡೆಯಲು ಹಲಗೆಯ ತೂಬು ಇಟ್ಟು, ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಕಗ್ಗ ಭತ್ತ ಬಿತ್ತುತ್ತಿದ್ದರು. ಎತ್ತರಕ್ಕೆ ಬೆಳೆಯುವ ಕಗ್ಗ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ಕುಮಟಾದ ಮಾಣಿಕಟ್ಟಾದಲ್ಲಿ ಅದನ್ನು ಇಂದಿಗೂ ಉಳಿಸಿಕೊಂಡವರಿದ್ದಾರೆ. ಕೊಯ್ಲು ಮುಗಿದ ಮೇಲೆ ತೂಬು ತೆರೆದರೆ ಉಬ್ಬರದ ಜೊತೆ ಸಿಗಡಿ, ಮೀನಿನ ಮರಿಗಳು ಒಳಬರುತ್ತವೆ, ಕೂಳೆ ಕೊಳೆತು ಅವುಗಳಿಗೆ ಆಹಾರವಾಗುತ್ತದೆ. ಒಂದೇ ಗದ್ದೆಯಲ್ಲಿ ಮಳೆಗಾಲಕ್ಕೆ ಅಕ್ಕಿ, ಬೇಸಿಗೆಗೆ ಮೀನು. ಕಟ್ಟೆಯ ಹೊರಮೈಯಲ್ಲಿ ಬೆಳೆದು ನಿಂತ ಕಾಂಡ್ಲಾ ಅಲೆಯ ಹೊಡೆತ ತಡೆದು ಮಣ್ಣನ್ನು ಹಿಡಿದಿಡುತ್ತಿತ್ತು.

ಎಪ್ಪತ್ತರ ದಶಕದ ನಂತರ ಸರ್ಕಾರ ಕಾಯಂ ಕಟ್ಟೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ ಇತ್ತು, ಪ್ರತಿವರ್ಷ ಕಟ್ಟೆ ರಿಪೇರಿ ಮಾಡುವ ಹೊರೆಯಿಂದ ರೈತರನ್ನು ಪಾರುಮಾಡುವುದು. ಆದರೆ ಕಾಮಗಾರಿಯಲ್ಲಿ ಅಂಚಿನ ಕಾಂಡ್ಲಾ ಹೋಯಿತು. ಒಟ್ಟಾಗಿ ಕಟ್ಟೆ ಕಾಯುತ್ತಿದ್ದ ಊರಿನ ಏರ್ಪಾಟೂ ಸಡಿಲಾಯಿತು. ತೊಂಬತ್ತರ ದಶಕದಲ್ಲಿ ಸಿಗಡಿಗೆ ಚಿನ್ನದ ಬೆಲೆ ಬಂದಾಗ ಗಜನಿಗಳು ಕೊಳಗಳಾದವು. ಕೆಲವೇ ವರ್ಷಗಳಲ್ಲಿ ಬಿಳಿಚುಕ್ಕೆ ರೋಗ ಬಂತು, ಹೂಡಿಕೆ ಮುಳುಗಿತು, ಬೆಳೆಯೂ ಇಲ್ಲದ ಸಿಗಡಿಯೂ ಇಲ್ಲದ ಗದ್ದೆಗಳು ಉಳಿದವು. ಸಾಂಪ್ರದಾಯಿಕವಲ್ಲದ ಸಿಗಡಿ ಕೊಳಗಳಿಗೆ ಕರಾವಳಿ ನಿಯಂತ್ರಣ ವಲಯದಲ್ಲಿ ಜಾಗವಿಲ್ಲ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಜಗನ್ನಾಥ್ ಪ್ರಕರಣದಲ್ಲಿ ಹೇಳಿತ್ತು. ಆ ತೀರ್ಪಿನ ಕಾವನ್ನು 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ತಣಿಸಿತು.

ಈಗ ಉಪ್ಪುನೀರು ತಡೆಗೆ ಖಾರ್‌ಲ್ಯಾಂಡ್ ಕಟ್ಟೆಗಳ ಕಾಮಗಾರಿ ಕರಾವಳಿಯುದ್ದಕ್ಕೂ ನಡೆಯುತ್ತಿದೆ. ಬಾವಿಗೆ ಉಪ್ಪು ನುಗ್ಗಿ ಕುಡಿಯುವ ನೀರಿಗೂ ತತ್ವಾರವಾದ ಊರುಗಳಿಗೆ ಈ ಕಟ್ಟೆಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಟ್ಟೆ ಎಲ್ಲಿ ಹಾದುಹೋಗುತ್ತದೆ, ತೂಬು ಎಷ್ಟಿರುತ್ತವೆ, ಹೊರಮೈಯಲ್ಲಿ ಕಾಂಡ್ಲಾಕ್ಕೆ ಜಾಗ ಬಿಡುತ್ತಾರೆಯೇ ಎಂಬುದರ ಮೇಲೆ ಅದರ ಫಲ ನಿಂತಿದೆ. ಬರೀ ಕಲ್ಲು–ಕಾಂಕ್ರೀಟಿನ ಗೋಡೆಯ ಬುಡವನ್ನು ಅಲೆ ಕೊರೆಯುತ್ತಲೇ ಇರುತ್ತದೆ. ಎದುರಿಗೆ ಕಾಂಡ್ಲಾ ಇದ್ದರೆ ಅಲೆಯ ಶಕ್ತಿ ಗೋಡೆ ಮುಟ್ಟುವ ಮೊದಲೇ ಕುಗ್ಗುತ್ತದೆ.

ಇದನ್ನು ಬಾಳಿ ತೋರಿಸಿದವರು ನೆರೆಯ ಕಣ್ಣೂರು ಜಿಲ್ಲೆಯ ಕಲ್ಲೇನ್ ಪೊಕ್ಕುಡನ್. ಪಳಯಂಗಾಡಿ ಬಳಿಯ ಆ ದಲಿತ ಕೃಷಿಕಾರ್ಮಿಕ 1989ರಲ್ಲಿ ಹೊಳೆದಂಡೆಯಲ್ಲಿ ಕಾಂಡ್ಲಾ ನೆಡತೊಡಗಿದರು. ಗದ್ದೆಯ ಕಟ್ಟೆ ಕುಸಿಯದಿರಲಿ, ಕಟ್ಟೆಯ ಮೇಲೆ ಶಾಲೆಗೆ ನಡೆಯುವ ಮಕ್ಕಳಿಗೆ ಗಾಳಿಯ ಹೊಡೆತ ತಾಗದಿರಲಿ ಎಂಬುದಷ್ಟೇ ಅವರ ಆಸೆ. 2015ರಲ್ಲಿ ತೀರಿಕೊಳ್ಳುವ ಹೊತ್ತಿಗೆ ವಿಶ್ವವಿದ್ಯಾಲಯಗಳ ಸಂಶೋಧಕರು ಅವರ ಬಳಿ ಪಾಠ ಕೇಳಲು ಬರುತ್ತಿದ್ದರು.

ಗಿಡ ಅಲೆಯನ್ನು ತಡೆಯುತ್ತದೆ ಎಂಬುದು ಬರೀ ಭಾವುಕತೆಯ ಮಾತೆಂದು ಯಾರಿಗಾದರೂ ಅನ್ನಿಸಿದರೆ ಒಡಿಶಾದ ಕೇಂದ್ರಪಾಡಾ ಜಿಲ್ಲೆಯನ್ನು ನೋಡಬೇಕು. 1999ರ ಅಕ್ಟೋಬರಿನ ಮಹಾಚಂಡಮಾರುತದಲ್ಲಿ ಅಲ್ಲಿನ ನಾನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸತ್ತವರ ಲೆಕ್ಕವನ್ನು ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಪರಿಶೀಲಿಸಿದರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕಡಲಿಗೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಪಟ್ಟಿ ಇದ್ದ ಹಳ್ಳಿಗಳಲ್ಲಿ ಸಾವು ಗಣನೀಯವಾಗಿ ಕಡಿಮೆ. ಸಕಾಲದ ಮುನ್ನೆಚ್ಚರಿಕೆ ಕಾಡಿಗಿಂತಲೂ ಹೆಚ್ಚು ಜೀವ ಉಳಿಸಿತು ಎಂದೂ ಅವರು ಪ್ರಾಮಾಣಿಕವಾಗಿ ದಾಖಲಿಸಿದರು. ಕಾಂಡ್ಲಾ ಇದ್ದರೆ ಬೇರೇನೂ ಬೇಡ ಎಂದು ಯಾರೂ ಹೇಳುತ್ತಿಲ್ಲ. ಅರಬ್ಬಿ ಸಮುದ್ರ ಶಾಂತವೆಂಬ ನಂಬಿಕೆಯನ್ನು 2021ರ ತೌಕ್ತೆ ಚಂಡಮಾರುತ ಮುರಿದ ಮೇಲೆ, ನಮ್ಮ ಕರಾವಳಿಗೆ ಮುನ್ನೆಚ್ಚರಿಕೆಯೂ ಬೇಕು, ಕಾಡೂ ಬೇಕು.

ಅಭಿವೃದ್ಧಿಯ ಬೇಡಿಕೆಯನ್ನು ಹೊರಗಿನವರ ದುರಾಸೆ ಎಂದು ತಳ್ಳಿಹಾಕುವುದು ಅನ್ಯಾಯ. ಉತ್ತರ ಕನ್ನಡದ ಜನ ಸುಸಜ್ಜಿತ ಆಸ್ಪತ್ರೆಗಾಗಿ ವರ್ಷಗಳಿಂದ ಹೋರಾಡುತ್ತಿದ್ದಾರೆ. ತುರ್ತು ರೋಗಿಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಒಯ್ಯುವ ಆಂಬುಲೆನ್ಸ್ ಒಂದಲ್ಲ ಒಂದು ಅಳಿವೆಯ ಸೇತುವೆ ದಾಟಲೇಬೇಕು. 2024ರ ಆಗಸ್ಟ್ 7ರ ನಡುರಾತ್ರಿಯ ಹೊತ್ತಿಗೆ ಕಾರವಾರ–ಸದಾಶಿವಗಡ ನಡುವೆ ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ಕುಸಿದುಬಿತ್ತು. ಗಟ್ಟಿಯಾದ ಸೇತುವೆ ಕೇಳುವುದು ಕಾಂಡ್ಲಾದ ಮೇಲಿನ ದ್ವೇಷವಲ್ಲ. ದೋಣಿಗೆ ತಂಗುದಾಣ ಬೇಕು, ಹಿಡಿದ ಮೀನಿಗೆ ಐಸ್ ಪ್ಲಾಂಟ್ ಬೇಕು, ಓದಿದ ಮಕ್ಕಳಿಗೆ ಊರಿನಲ್ಲೇ ಕೆಲಸ ಬೇಕು.

ಆದರೆ ಕಟ್ಟುವ ಬಗೆಯಲ್ಲಿ ಆಯ್ಕೆಯಿದೆ. ಅಳಿವೆಯ ಮೇಲೆ ರಸ್ತೆ ಒಯ್ಯಲು ಎರಡು ದಾರಿ. ಕಂಬಗಳ ಮೇಲೆ ಉದ್ದ ಸೇತುವೆ ಕಟ್ಟುವುದು ಒಂದು. ಎರಡೂ ಕಡೆಯಿಂದ ಮಣ್ಣಿನ ದಿಬ್ಬ ಏರಿಸಿಕೊಂಡು ಬಂದು ನಡುವೆ ಗಿಡ್ಡ ಸೇತುವೆ ಕೂರಿಸುವುದು ಇನ್ನೊಂದು. ಟೆಂಡರಿನಲ್ಲಿ ಎರಡನೆಯದು ಅಗ್ಗ. ಹೊಳೆಯ ಬಾಯಿ ಮಾತ್ರ ಕಿರಿದಾಗುತ್ತದೆ. ದಿಬ್ಬದ ಹಿಂದಿನ ಕಾಂಡ್ಲಾಕ್ಕೆ ನಾಲ್ಕಾರು ಪೈಪುಗಳ ಮೂಲಕವಷ್ಟೇ ಉಬ್ಬರ ತಲುಪಬೇಕು. ಕೆಲವೇ ಮಳೆಗಾಲದಲ್ಲಿ ಪೈಪುಗಳಲ್ಲಿ ಹೂಳು ತುಂಬುತ್ತದೆ. ಬೇಸಿಗೆಯಲ್ಲಿ ನಿಂತ ನೀರು ಆವಿಯಾಗಿ ಉಪ್ಪು ಹರಳುಗಟ್ಟುತ್ತದೆ, ಮಳೆಗಾಲದಲ್ಲಿ ನೆರೆಯ ನೀರು ಇಳಿಯದೆ ಮನೆಯಂಗಳಕ್ಕೆ ನುಗ್ಗುತ್ತದೆ. ಟೆಂಡರಿನಲ್ಲಿ ಉಳಿಸಿದ ಹಣವನ್ನು ಗಜನಿ ರೈತರು, ಬಳಚು ಹೆಕ್ಕುವವರು ತಲೆಮಾರುಗಟ್ಟಲೆ ತೆರುತ್ತಾರೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಾಗ ಎದುರು ದಡದ ಉಳುವರೆ ಗ್ರಾಮಕ್ಕೂ ನೀರಿನ ಅಲೆ ಅಪ್ಪಳಿಸಿತು. ಹೊಳೆಯ ಒಂದು ದಂಡೆಗೆ ಮಾಡಿದ್ದು ಇನ್ನೊಂದು ದಂಡೆಗೂ ತಗಲುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ಬೇಡ.

ಕಾಂಡ್ಲಾದ ಅಳಿವು–ಉಳಿವು ಕರಾವಳಿಯಲ್ಲಷ್ಟೇ ತೀರ್ಮಾನವಾಗುವುದಿಲ್ಲ, ಘಟ್ಟದ ಮೇಲೂ ಆಗುತ್ತದೆ. ಅಘನಾಶಿನಿ ಮತ್ತು ಶರಾವತಿ ಅಕ್ಕಪಕ್ಕದ ನದಿಗಳು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಗೇರುಸೊಪ್ಪೆಯದೂ ಬಂತು. ವಿದ್ಯುತ್ ಉತ್ಪಾದನೆಗಾಗಿ ಬೇಸಿಗೆಯಲ್ಲೂ ನೀರು ಬಿಡುವುದರಿಂದ, ಆ ಕಾಲಕ್ಕೆ ಉಪ್ಪಾಗಬೇಕಿದ್ದ ಹೊನ್ನಾವರದ ಅಳಿವೆ ಸಿಹಿಯಾಗಿಯೇ ಉಳಿಯತೊಡಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಅವರ ಸಂಗಡಿಗರು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದರು. ಶರಾವತಿಯಲ್ಲಿ ಉಪ್ಪು ಬೇಡುವ ಕಾಂಡ್ಲಾ ಜಾತಿಗಳು ಹಿಂದೆ ಸರಿದಿದ್ದವು, ಚಿಪ್ಪುಜೀವಿಗಳು ತೀರಾ ಕ್ಷೀಣಿಸಿದ್ದವು. ಇತ್ತ ಅಘನಾಶಿನಿಯಲ್ಲಿ ಬಳಚಿನ ರಾಶಿ. ಹೊನ್ನಾವರದ ಬಳಚು ಹೆಕ್ಕುವವರಿಗೆ ಇದಕ್ಕಾಗಿ ಯಾರೂ ಪರಿಹಾರ ಕೊಟ್ಟಿಲ್ಲ, ಏಕೆಂದರೆ ಅಣೆಕಟ್ಟಿನ ಮುಳುಗಡೆ ಪಟ್ಟಿಯಲ್ಲಿ ಕೆಳಗಿನ ಅಳಿವೆಯ ಹೆಸರೇ ಇರುವುದಿಲ್ಲ.

ಈಗ ಚರ್ಚೆಯಲ್ಲಿರುವ ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ನದಿ ಜೋಡಣೆಗಳ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ. ಕಡಲಿಗೆ ಸೇರುವ ನೀರು ಪೋಲು ಎಂಬ ಮಾತು ವೇದಿಕೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಮೀನಿನ ಮರಿ, ಬಳಚು, ಕಗ್ಗ, ಕಾಂಡ್ಲಾ ಎಲ್ಲವೂ ಬದುಕುವುದು ಆ ‘ಪೋಲಾಗುವ’ ನೀರು ಉಪ್ಪಿನ ಜೊತೆ ಬೆರೆಯುವ ಹದದಲ್ಲಿ. ಬಯಲುಸೀಮೆಯ ಬಾಯಾರಿಕೆ ನಿಜ, ಅದಕ್ಕೆ ಉತ್ತರ ಹುಡುಕಲೇಬೇಕು. ಆ ಲೆಕ್ಕದಲ್ಲಿ ಅಳಿವೆಯ ಪಾಲನ್ನು ಸೊನ್ನೆ ಎಂದು ಬರೆಯುವುದು ಮಾತ್ರ ತಪ್ಪು.

ಕಾನೂನಿನ ರಕ್ಷಣೆ ಇಲ್ಲವೆನ್ನುವಂತಿಲ್ಲ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಿಂದಲೂ ಕಾಂಡ್ಲಾ ಅತಿ ಸೂಕ್ಷ್ಮ ವರ್ಗದಲ್ಲಿದೆ. ಸಾವಿರ ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾದ ಸುತ್ತ 50 ಮೀಟರ್ ರಕ್ಷಣಾಪಟ್ಟಿ ಬಿಡಬೇಕು. 2019ರ ಅಧಿಸೂಚನೆ ಈ ಹಿಡಿತವನ್ನು ಸಡಿಲಿಸಿತು. ಖಾಸಗಿ ಭೂಮಿಯಲ್ಲಿರುವ ಕಾಂಡ್ಲಾಕ್ಕೆ ರಕ್ಷಣಾಪಟ್ಟಿ ಬೇಕಿಲ್ಲ ಎಂದಿತು. ಗಜನಿಯಂಚಿನ ಕಾಂಡ್ಲಾದಲ್ಲಿ ಎಷ್ಟೋ ಪಾಲು ಖಾಸಗಿ ಸರ್ವೆ ನಂಬರುಗಳಲ್ಲೇ ಇರುವ ನಮ್ಮ ಜಿಲ್ಲೆಗಳಿಗೆ ಇದು ಸಣ್ಣ ತಿದ್ದುಪಡಿಯಲ್ಲ. ರಕ್ಷಣೆ, ಆಯಕಟ್ಟಿನ ಉದ್ದೇಶ ಮತ್ತು ಸಾರ್ವಜನಿಕ ಸೌಕರ್ಯಗಳ ರಸ್ತೆಗಳಿಗೆ ಅವಕಾಶ ಕೊಟ್ಟು, ನಾಶವಾದ ಕಾಂಡ್ಲಾದ ಮೂರು ಪಟ್ಟು ಜಾಗದಲ್ಲಿ ಬೇರೆಡೆ ನೆಡಬೇಕೆಂದು ಹೇಳಿತು.

ಮಹಾರಾಷ್ಟ್ರದ ದಾರಿ ಬೇರೆ. 2018ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ನಾಶವನ್ನು ಸಂವಿಧಾನದ 21ನೇ ವಿಧಿ ಕೊಡುವ ಬದುಕಿನ ಹಕ್ಕಿನ ಉಲ್ಲಂಘನೆಯೆಂದು ಸಾರಿತು. ಸಾರ್ವಜನಿಕ ಯೋಜನೆಗೆ ಅನಿವಾರ್ಯವಾದರೂ ನ್ಯಾಯಾಲಯದ ಅನುಮತಿ ಬೇಕು. ಇದರ ಪರಿಣಾಮ ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನಲ್ಲಿ ಕಂಡಿತು. ಮೊದಲ ಅಂದಾಜಿನಲ್ಲಿ 53,000ಕ್ಕೂ ಹೆಚ್ಚು ಕಾಂಡ್ಲಾ ಮರಗಳು ಹೋಗಬೇಕಿತ್ತು. ನಿಲ್ದಾಣದ ನಕ್ಷೆ ಬದಲಿಸಿದ ಮೇಲೆ ಸಂಖ್ಯೆ ಸುಮಾರು 22,000ಕ್ಕೆ ಇಳಿಯಿತು. 2022ರ ಡಿಸೆಂಬರಿನಲ್ಲಿ ನ್ಯಾಯಾಲಯ ಒಪ್ಪಿಗೆ ಕೊಟ್ಟದ್ದು ಈ ಇಳಿದ ಸಂಖ್ಯೆಗೆ. ಠಾಣೆ ಖಾಡಿಯಲ್ಲಿ ಹಳಿ ನೆಲದಡಿಯ ಸುರಂಗದಲ್ಲಿ ಹೋಗುತ್ತದೆ. ಇಪ್ಪತ್ತೆರಡು ಸಾವಿರ ಮರವೂ ಚಿಕ್ಕ ನಷ್ಟವಲ್ಲ. ಆದರೂ ಗಮನಿಸಬೇಕಾದದ್ದೊಂದಿದೆ: ಯಾರೋ ಪ್ರಶ್ನೆ ಕೇಳುವವರಿದ್ದರು, ಆದ್ದರಿಂದ ಎಂಜಿನಿಯರುಗಳು ಬೇರೆ ದಾರಿ ಹುಡುಕಿದರು. ಹುಡುಕಿದಾಗ ಸಿಕ್ಕಿತು.

ಮೂರು ಪಟ್ಟು ನೆಡುವ ನಿಯಮ ಕೇಳಲು ನ್ಯಾಯವಾಗಿದೆ. ನೆಲದ ಮೇಲೆ ಅದು ಬಹಳ ಸಲ ಸೋತಿದೆ. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಸಾವಿರದಿಂದ ಸಾವಿರದ ಇನ್ನೂರು ಹೆಕ್ಟೇರಿನಷ್ಟು ಕಾಂಡ್ಲಾ ನೆಟ್ಟರು. 23 ಜಾಗಗಳನ್ನು ಪರಿಶೀಲಿಸಿದ ವಿಜ್ಞಾನಿಗಳಿಗೆ ಕಂಡದ್ದು, ಯಶಸ್ವಿಯಾದದ್ದು 200–220 ಹೆಕ್ಟೇರ್ ಮಾತ್ರ. ಒಂಬತ್ತು ಜಾಗಗಳಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಫಿಲಿಪ್ಪೀನ್ಸ್‌ನದೂ ಇಂಥದೇ ಕತೆ. ಗಿಡ ಎಲ್ಲಿ ಬೆಳೆಯುತ್ತದೆ ಎಂದು ನೋಡದೆ, ಎಲ್ಲಿ ಜಾಗ ಸಿಗುತ್ತದೆ ಎಂದು ನೋಡಿದರು. ದಿನವಿಡೀ ನೀರಿನಲ್ಲಿ ಮುಳುಗಿರುವ ತಗ್ಗಿನ ಕೆಸರಿನಲ್ಲಿ, ಸುಲಭವಾಗಿ ಸಿಗುವ ರೈಜೋಫೋರಾದ ಕೋಲುಗಳನ್ನು ಸಾಲಾಗಿ ಚುಚ್ಚಿ ಫೋಟೊ ತೆಗೆದರು. ಕೆಲವು ಕಡೆ ಹೀಗೆ ನೆಟ್ಟ ಕೆಸರುಬಯಲೇ ಮೊದಲು ಹಕ್ಕಿಗಳ ಮೇವುತಾಣವಾಗಿ, ಚಿಪ್ಪು ಹೆಕ್ಕುವವರ ದುಡಿಮೆಯ ಜಾಗವಾಗಿ ಇತ್ತು. ಬಳಚಿನ ದಿಬ್ಬದ ಮೇಲೆ ಕಾಡು ಎಬ್ಬಿಸುವುದೂ ಒಂದು ಬಗೆಯ ಒತ್ತುವರಿಯೇ.

ತಮಿಳುನಾಡಿನ ಪಿಚ್ಚಾವರಂನಲ್ಲಿ ಆದದ್ದು ಬೇರೆ. ಬ್ರಿಟಿಷರ ಕಾಲದಿಂದ ಕಾಡನ್ನು ಪಾಳಿಯಂತೆ ಕಡಿದುಕೊಂಡು ಬಂದದ್ದರಿಂದ ನೆಲ ಕುಸಿದು ನೀರು ನಿಂತಿತ್ತು, ನಿಂತ ನೀರಿನ ಉಪ್ಪು ಏರಿ ಮೊಳಕೆ ಹತ್ತುತ್ತಿರಲಿಲ್ಲ. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ, ಅರಣ್ಯ ಇಲಾಖೆ ಮತ್ತು ಹಳ್ಳಿಯ ಜನ ಸೇರಿ ಮೊದಲು ಕಾಲುವೆಗಳನ್ನು ತೋಡಿದರು, ಮೀನಿನ ಮುಳ್ಳಿನ ಆಕಾರದಲ್ಲಿ ಒಂದು ನಡುಗಾಲುವೆ ಮತ್ತು ಎರಡೂ ಬದಿಗೆ ಕವಲುಗಳು. ಉಬ್ಬರ ಒಳಹೊಕ್ಕು ಇಳಿತದಲ್ಲಿ ಹೊರಬರತೊಡಗಿದ ಮೇಲೆ ಉಪ್ಪು ತೊಳೆದುಹೋಯಿತು, ನೆಟ್ಟ ಗಿಡಗಳೂ ತಾವಾಗಿ ಬಂದವೂ ಉಳಿದವು. ನೀರಿಗೆ ದಾರಿ ಮಾಡಿಕೊಟ್ಟಲ್ಲಿ ಗೆಲುವು ಸಿಕ್ಕಿತು, ಸಸಿಯ ಲೆಕ್ಕವನ್ನಷ್ಟೇ ಹಿಡಿದಲ್ಲಿ ಸೋಲು. ಕೇಂದ್ರ ಸರ್ಕಾರ 2023–24ರಿಂದ ಐದು ವರ್ಷಗಳಲ್ಲಿ ಸುಮಾರು 540 ಚದರ ಕಿಲೋಮೀಟರ್ ಕಾಂಡ್ಲಾ ಬೆಳೆಸುವ ‘ಮಿಷ್ಟಿ’ ಯೋಜನೆ ಹಮ್ಮಿಕೊಂಡಿದೆ. ಅದರ ಹಣ ಸಸಿಗಿಂತ ಮೊದಲು ಹೂಳು ತುಂಬಿದ ಕೋಡಿಗಳಿಗೆ, ಮುಚ್ಚಿಹೋದ ಪೈಪುಗಳಿಗೆ ಹೋಗಬೇಕು. ವರ್ಷದ ಕೊನೆಯ ವರದಿಯಲ್ಲಿ ನೆಟ್ಟ ಗಿಡಗಳ ಸಂಖ್ಯೆಯ ಪಕ್ಕದಲ್ಲೇ ಐದನೆಯ ವರ್ಷಕ್ಕೆ ಉಳಿದ ಗಿಡಗಳ ಸಂಖ್ಯೆಯೂ ಇರಬೇಕು.

ಹಳೆಯ ಕಾಂಡ್ಲಾಕ್ಕೆ ಹೊಸ ಸಸಿ ಸಾಟಿಯಾಗದಿರಲು ಇನ್ನೊಂದು ಕಾರಣವಿದೆ. ಇಂಡೋ–ಪೆಸಿಫಿಕ್ ವಲಯದ ಕಾಂಡ್ಲಾಗಳ ಬಗ್ಗೆ 2011ರಲ್ಲಿ ಬಂದ ಅಧ್ಯಯನ ಹೆಕ್ಟೇರಿಗೆ ಸರಾಸರಿ ಸಾವಿರ ಟನ್ನಿನಷ್ಟು ಇಂಗಾಲ ಅಲ್ಲಿ ಸಂಗ್ರಹವಾಗಿರುವುದನ್ನು ತೋರಿಸಿತು. ಅದರ ಬಹುಪಾಲು ಇರುವುದು ಕೆಸರಿನಲ್ಲಿ. ಗಾಳಿಯಾಡದ ಆ ಕೆಸರನ್ನು ಅಗೆದು ಹರವಿದೊಡನೆ ಶತಮಾನಗಳ ಸಂಗ್ರಹ ಆಕಾಶಕ್ಕೆ ಏರತೊಡಗುತ್ತದೆ. ಮೂರು ಪಟ್ಟು ಜಾಗದಲ್ಲಿ ಚುಚ್ಚಿದ ಕೋಲುಗಳು ಆ ನಷ್ಟವನ್ನು ನಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಲಾರವು.

ಪ್ರವಾಸೋದ್ಯಮದ ಬಗ್ಗೆ ಒಂದು ಮಾತು. ಹೊನ್ನಾವರದ ಕಾಸರಕೋಡಿನಲ್ಲಿ ಕಾಂಡ್ಲಾ ನಡುವೆ ಅರಣ್ಯ ಇಲಾಖೆ ಮರದ ಕಾಲುದಾರಿ ಮಾಡಿದೆ, ಕಾರವಾರದ ಕಾಳಿಯಲ್ಲೂ ಅಂಥದೇ ಇದೆ. ಕಾಡನ್ನು ದೂರದಿಂದ ಪೊದೆ ಎಂದು ಕಂಡವರು ಒಳಗೆ ನಡೆದಾಡಿ ಏಡಿ, ಕೆಸರಿನಲ್ಲಿ ಜಿಗಿಯುವ ಮೀನುಗಳನ್ನು ನೋಡಿ ಬರುವುದು ಒಳ್ಳೆಯದು. ಮಹಾರಾಷ್ಟ್ರದ ವೆಂಗುರ್ಲಾದಲ್ಲಿ ಮಹಿಳೆಯರ ಸ್ವಸಹಾಯ ಸಂಘವೇ ಮಾಂಡವಿ ಖಾಡಿಯಲ್ಲಿ ದೋಣಿ ನಡೆಸಿ ಕಾಂಡ್ಲಾ ತೋರಿಸುತ್ತದೆ. ಟಿಕೆಟ್ ಹಣ ಸಂಘದ ಕೈಗೆ ಸೇರುತ್ತದೆ. ಹಣ ಊರಿನಲ್ಲಿ ಉಳಿದರೆ ಕಾಡನ್ನು ಊರೇ ಕಾಯುತ್ತದೆ. ಕಾಲುದಾರಿಯ ಪಕ್ಕಕ್ಕೆ ಪಾರ್ಕಿಂಗ್, ಅದರ ಪಕ್ಕಕ್ಕೆ ಅಂಗಡಿ ಸಾಲು, ಅದರಾಚೆ ರೆಸಾರ್ಟ್ ಎಂದು ಬೆಳೆಯತೊಡಗಿದರೆ ನೋಡಲು ಬಂದ ಕಾಡೇ ಉಳಿಯುವುದಿಲ್ಲ.

ಇದೇ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ, ಅಂಕೋಲಾದ ಕೇಣಿಯಲ್ಲಿ ಉದ್ದೇಶಿತ ಬಂದರಿನ ವಿರುದ್ಧ ಮೀನುಗಾರರು ಹೋರಾಡುತ್ತಿದ್ದಾರೆ. ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಯಲ್ಲಿ ಮಂಗಳೂರಿನ ದೊಡ್ಡ ಬಂದರು, ಕಾರವಾರದ ನೌಕಾನೆಲೆ, ಹಲವು ಮೀನುಗಾರಿಕಾ ಬಂದರುಗಳು ಈಗಾಗಲೇ ಇವೆ. ಪ್ರತಿ ಅಳಿವೆಗೂ ಒಂದೊಂದು ಬಂದರು ಬೇಕೇ, ಇದ್ದವನ್ನೇ ಬಲಪಡಿಸಿದರೆ ಸಾಲದೇ ಎಂಬ ಪ್ರಶ್ನೆಗೆ ಇಡೀ ಕರಾವಳಿಯನ್ನು ಒಟ್ಟಿಗೆ ಹರಡಿಕೊಂಡು ಕೂತು ಉತ್ತರ ಹುಡುಕಬೇಕು. ಯೋಜನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಪ್ರತಿಯೊಂದರ ಹಾನಿಯೂ ಸಣ್ಣದಾಗಿಯೇ ಕಾಣುತ್ತದೆ, ಒಪ್ಪಿಗೆ ಸಿಗುತ್ತಾ ಹೋಗುತ್ತದೆ. ಅಳಿವೆಯನ್ನು ಘಟಕವಾಗಿ ಇಟ್ಟುಕೊಂಡು, ಅಲ್ಲಿ ಈಗಾಗಲೇ ಆಗಿರುವ ಕಟ್ಟೆ, ಸೇತುವೆ, ಮರಳುಗಾರಿಕೆ, ಅಣೆಕಟ್ಟುಗಳ ಒಟ್ಟು ಭಾರವನ್ನು ಲೆಕ್ಕ ಹಾಕಿದ ಮೇಲೆಯೇ ಹೊಸದಕ್ಕೆ ಅನುಮತಿ ಕೊಡುವ ಪದ್ಧತಿ ಬರಬೇಕು. ಕೆಲವು ಜಾಗಗಳಿಗೆ ‘ಆಗದು’ ಎಂಬ ಉತ್ತರ ಮೊದಲೇ ಸಿದ್ಧವಿರಬೇಕು. ಅಘನಾಶಿನಿ ಅಂಥ ಜಾಗ.

ಸೇತುವೆ, ಕಟ್ಟೆ, ಜೆಟ್ಟಿ ಬೇಕೇಬೇಕಾದ ಕಡೆ ಉಬ್ಬರದ ನೀರು ಮೊದಲಿನಷ್ಟೇ ಒಳಬಂದು ಹೊರಹೋಗುತ್ತದೆಯೇ ಎಂಬುದನ್ನು ಟೆಂಡರಿಗೆ ಮುನ್ನವೇ ಅಳೆದು ಬರೆದಿಡುವಂತಾಗಬೇಕು. ಕಾಮಗಾರಿ ಮುಗಿದ ಮೇಲೆ ಮತ್ತೆ ಅಳೆಯಬೇಕು. ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ, ಹುಣ್ಣಿಮೆ–ಅಮಾವಾಸ್ಯೆಯ ಉಬ್ಬರದ ಗುರುತು ದಡದ ಪ್ರತಿ ಮೀನುಗಾರನಿಗೂ ಗೊತ್ತು.

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ಸಾರ್ವಜನಿಕ ಅಹವಾಲು ಬೇಕಾಗುವ ಯೋಜನೆಗಳಲ್ಲಿ ಸಭೆಗೆ ಕನಿಷ್ಠ 30 ದಿನ ಮೊದಲು ತಿಳಿವಳಿಕೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅಳಿವೆಯ ದಡದ ಪಂಚಾಯಿತಿ ಸದಸ್ಯರು, ಮೀನುಗಾರರ ಸಂಘಗಳು, ಗಜನಿ ರೈತರು ಆ ಮೂವತ್ತು ದಿನಗಳನ್ನು ಬಿಟ್ಟುಕೊಡಬಾರದು. ಕನ್ನಡದ ಸಾರಾಂಶ ಕೇಳಿ ಪಡೆಯಿರಿ. ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ನಿಮ್ಮೂರಿನ ಕಾಂಡ್ಲಾ, ಕೋಡಿ, ಬಳಚಿನ ದಿಬ್ಬ ಗುರುತಾಗಿವೆಯೇ ನೋಡಿ. ಗುರುತಾಗದೆ ಇದ್ದರೆ ಸರ್ವೆ ನಂಬರಿನ ಸಮೇತ ಲಿಖಿತ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ.